ಬೇವಿನ ಹೊಗೆಯೂ ಸೊಳ್ಳೆಯ ಜ್ವರವೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ಬೇವಿನ ಗಿಡವಿಲ್ಲದ ಊರನ್ನು ಹುಡುಕಿದರೆ ಸಿಗಲಾರದು. ಅಗಸೆಯ ಮುಂದಿನ ಕಟ್ಟೆ, ಗುಡಿಯ ಅಂಗಳ, ಹೊಲದ ಬದು, ಬಾವಿಯ ದಂಡೆ ಎಲ್ಲೆಡೆಯೂ ಈ ವೃಕ್ಷದ ನೆರಳೇ ನಮ್ಮ ಜನಕ್ಕೆ ಆಸರೆಯಾಗಿದೆ. ಮಳೆಗಾಲ ಬಂದು ಸೊಳ್ಳೆಗಳು ಹೆಚ್ಚಿ, ಊರೂರಿನಲ್ಲಿ ಜ್ವರಗಳು ಹಬ್ಬಿದಾಗ, ಈ ಬೇವಿನ ವಿಷಯದಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ‘ಸೊಳ್ಳೆಯೇ ಜ್ವರಕ್ಕೆ ಮೂಲವೆಂಬುದನ್ನು ನಮ್ಮ ಪೂರ್ವಿಕರು ಸಾವಿರಾರು ವರ್ಷಗಳ ಹಿಂದೆಯೇ ಅರಿತಿದ್ದರು, ಅವರ ಬೇವಿನ ಧೂಪವೊಂದೇ ಸಾಕು’ ಎಂದು ಒಂದು ಪಕ್ಷದವರು ಹೇಳುವರು. ‘ಇದೆಲ್ಲ ಅಜ್ಜಿಯರ ಕಥೆ, ಶಾಸ್ತ್ರದ ಮುಂದೆ ನಿಲ್ಲತಕ್ಕದ್ದಲ್ಲ’ ಎಂದು ಇನ್ನೊಂದು ಪಕ್ಷದವರು ತಳ್ಳಿಹಾಕುವರು. ಈ ಎರಡೂ ಪಕ್ಷಗಳನ್ನು ಇತಿಹಾಸದ ಒರೆಗಲ್ಲಿಗೆ ತಿಕ್ಕಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶವು. ಇದು ಬರಿಯ ಪಾಂಡಿತ್ಯದ ವಾದವಲ್ಲ. ಯಾವ ಪಕ್ಷವನ್ನು ನಂಬಿ ನಡೆಯುವೆವೋ ಅದರ ಫಲವನ್ನು ನಮ್ಮ ಮನೆಯ ಮಕ್ಕಳೇ ಉಣ್ಣಬೇಕಾಗುವುದು.

ಮೊದಲು ಗ್ರಂಥಗಳು ಏನು ಹೇಳುತ್ತವೆಂಬುದನ್ನು ನೋಡುವಾ. ಸಂಸ್ಕೃತದಲ್ಲಿ ಬೇವಿಗೆ ನಿಂಬ, ಪಿಚುಮಂದ, ಅರಿಷ್ಟ ಮೊದಲಾದ ಹೆಸರುಗಳುಂಟು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ತುರಿಕೆಯನ್ನು ಶಮನಗೊಳಿಸುವ ಹತ್ತು ದ್ರವ್ಯಗಳ ಗಣದಲ್ಲಿ ನಿಂಬವನ್ನೂ ನಕ್ತಮಾಲವನ್ನೂ ಎಣಿಸಿದೆ. ನಕ್ತಮಾಲವೆಂದರೆ ಹೊಂಗೆ, ನಮ್ಮ ಕಡೆಯವರು ಹುಲಗಲವೆಂದು ಕರೆಯುವ ಗಿಡ. ಅದೇ ಅಧ್ಯಾಯದ ಕ್ರಿಮಿಘ್ನ ಗಣದಲ್ಲಿ ನಿರ್ಗುಂಡಿ, ಅಂದರೆ ನಮ್ಮ ಹಳ್ಳದ ದಂಡೆಯ ಲಕ್ಕಿಯ ಗಿಡವು ಬಂದಿದೆ. ಸುಶ್ರುತಾಚಾರ್ಯರು ಗಾಯಗೊಂಡವನನ್ನು ಮಲಗಿಸುವ ಕೋಣೆಯಲ್ಲಿ ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪು ಇವುಗಳ ಧೂಪವನ್ನು ದಿನಕ್ಕೆ ಎರಡು ಸಲದಂತೆ ಹತ್ತು ದಿನಗಳವರೆಗೆ ತಪ್ಪದೆ ಹಾಕಬೇಕೆಂದು ವಿಧಿಸಿರುವರು. ಅಷ್ಟೇ ಅಲ್ಲ, ಅವರು ಕಲ್ಪಸ್ಥಾನದಲ್ಲಿ ಕೀಟವಿಷಗಳನ್ನು ವಿವರಿಸುವಾಗ ಸೊಳ್ಳೆಗಳಲ್ಲಿ ಸಾಮುದ್ರ, ಪರಿಮಂಡಲ, ಹಸ್ತಿಮಶಕ, ಕೃಷ್ಣ, ಪಾರ್ವತೀಯ ಎಂದು ಐದು ಜಾತಿಗಳನ್ನು ಹೇಳಿ, ಅವು ಕಚ್ಚಿದಲ್ಲಿ ತುರಿಕೆಯೂ ಬಾವೂ ಉಂಟಾಗುವುವೆಂದೂ, ಪಾರ್ವತೀಯವು ಪ್ರಾಣಹರ ಕೀಟಗಳಿಗೆ ಸಮಾನವೆಂದೂ ಎಚ್ಚರಿಸಿರುವರು.

ಇಷ್ಟನ್ನು ಓದಿದೊಡನೆ ನಮ್ಮ ಮೊದಲನೆಯ ಪಕ್ಷದವರಿಗೆ ಹರ್ಷವಾಗುವುದು ಸಹಜವು. 1905ರ ಸುಮಾರಿಗೆ ಸಿಂಹಳದ ಗವರ್ನರನಾಗಿದ್ದ ಸರ್ ಹೆನ್ರಿ ಬ್ಲೇಕ್ ಎಂಬವನು ಕೂಡ, ಸೊಳ್ಳೆಗೂ ಜ್ವರಕ್ಕೂ ಇರುವ ಸಂಬಂಧವು ಪ್ರಾಚೀನ ಆರ್ಯವೈದ್ಯರಿಗೆ ತಿಳಿದಿತ್ತೆಂದು ವಾದಿಸಿದ್ದನು. ಆದರೆ ಅದೇ ಸಂಹಿತೆಯ ಉತ್ತರತಂತ್ರದಲ್ಲಿರುವ ಜ್ವರಪ್ರಕರಣವನ್ನು ತೆರೆದು ನೋಡಬೇಕು. ದಿನಕ್ಕೊಮ್ಮೆ ಬರುವ ಅನ್ಯೇದ್ಯುಷ್ಕ, ದಿನ ಬಿಟ್ಟು ದಿನ ಬರುವ ತೃತೀಯಕ, ಎರಡು ದಿನ ಬಿಟ್ಟು ಬರುವ ಚತುರ್ಥಕ ಎಂದು ವಿಷಮಜ್ವರಗಳ ಲಕ್ಷಣವನ್ನು ಆಚಾರ್ಯರು ಇಂದಿನ ವೈದ್ಯನೂ ತಲೆದೂಗುವಂತೆ ವರ್ಣಿಸಿದ್ದಾರೆ. ಆದರೆ ಅದಕ್ಕೆ ಕಾರಣವನ್ನು ಹೇಳುವಾಗ ದೋಷಗಳ ಪ್ರಕೋಪವನ್ನೇ ಮುಖ್ಯವಾಗಿ ಹೇಳಿರುವರಲ್ಲದೆ ಸೊಳ್ಳೆಯನ್ನು ಹೆಸರಿಸಿಲ್ಲ. ಬೇವಿನ ಧೂಪಕ್ಕೂ ಅವರು ಹೇಳಿದ ಪ್ರಯೋಜನವು ರಕ್ತಮಾಂಸಗಳಿಗೆ ಆಶೆಪಡುವ ನಿಶಾಚರರಿಂದ ರಕ್ಷಣೆ ಎಂಬುದು. ಆ ನಿಶಾಚರರೆಂದರೆ ಸೊಳ್ಳೆಗಳೇ ಎಂದು ಈಗ ಅರ್ಥ ಹಚ್ಚುವುದು ಸುಲಭ. ಆದರೆ ಗ್ರಂಥಕಾರರು ಹೇಳದ್ದನ್ನು ಅವರ ಬಾಯಲ್ಲಿ ಇಡುವುದು ಗುರುದ್ರೋಹವೇ ಸರಿ. ಆದಕಾರಣ ನ್ಯಾಯವಾಗಿ ಹೇಳಬೇಕಾದದ್ದು ಇಷ್ಟು: ನಮ್ಮ ಆಚಾರ್ಯರು ಸೊಳ್ಳೆಯನ್ನು ಬಲ್ಲರು, ಬೇವನ್ನು ಬಲ್ಲರು, ಮೂರುದಿನದ ಜ್ವರವನ್ನೂ ಬಲ್ಲರು, ಈ ಮೂರನ್ನೂ ಪೋಣಿಸುವ ದಾರವೊಂದು ಮಾತ್ರ ಅವರ ಕೈಗೆ ದೊರೆತಿರಲಿಲ್ಲ.

ಗ್ರಂಥಗಳನ್ನು ಓದದ ನಮ್ಮ ಹಳ್ಳಿಯ ಜನರ ಆಚಾರಗಳನ್ನು ನೋಡಿದರೂ ಇದೇ ಸ್ಥಿತಿಯು ಕಂಡುಬರುವುದು. ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬುವಾಗ ಹುಳ ಬೀಳದಂತೆ ಬೇವಿನ ಎಲೆಯನ್ನು ಬೆರೆಸುತ್ತಿದ್ದರು. ಕೌದಿಗಳ ಮಡಿಕೆಗಳಲ್ಲಿ ಒಣಗಿದ ಬೇವಿನೆಲೆಯನ್ನಿಡುವುದು ಈಗಲೂ ಉಂಟು. ಯುಗಾದಿಯ ದಿನ ಬೇವಿನೆಲೆ ಹಾಕಿದ ನೀರಿನಿಂದ ಸ್ನಾನ. ಬಾಣಂತಿಯ ಕೋಣೆಯ ಬಾಗಿಲಿಗೆ ಬೇವಿನ ತೊಪ್ಪಲು, ಒಳಗೆ ಬಜೆ, ಅಜವಾನ, ಲೋಬಾನಗಳ ಧೂಪ. ಸಂಜೆಯ ದೀಪ ಹಚ್ಚುವ ಹೊತ್ತಿಗೆ ದನದ ಕೊಟ್ಟಿಗೆಯಲ್ಲಿ ಕುಳ್ಳಿನ ಕೆಂಡದ ಮೇಲೆ ಹಸಿಯ ಬೇವಿನ ತೊಪ್ಪಲ ಹೊಗೆ. ಈ ಹೊಗೆಯಿಂದ ಸೊಳ್ಳೆಗಳು ದೂರವಾಗುವುವೆಂಬುದು ಪ್ರತ್ಯಕ್ಷಪ್ರಮಾಣದಿಂದಲೇ ಸಿದ್ಧವಾದ ಮಾತು. ಆದರೆ ನಮ್ಮವರು ಹೊಗೆ ಹಾಕುತ್ತಿದ್ದುದು ದನಗಳು ನೆಮ್ಮದಿಯಿಂದ ಮೆಲುಕು ಹಾಕಲಿ, ಕೂಸು ಸುಖವಾಗಿ ಮಲಗಲಿ ಎಂಬುದಕ್ಕಾಗಿಯೇ ಹೊರತು ಚಳಿಜ್ವರವನ್ನು ತಡೆಯುವುದಕ್ಕಾಗಿ ಅಲ್ಲ. ಚಳಿಜ್ವರಕ್ಕೆ ಕೆಟ್ಟ ಗಾಳಿ, ಹೊಸ ನೀರು, ದೃಷ್ಟಿ ಮೊದಲಾದ ಬೇರೆ ಕಾರಣಗಳನ್ನೇ ಅವರು ಹೇಳುತ್ತಿದ್ದರು. ಯುರೋಪಿನವರ ಗತಿಯೂ ಇದಕ್ಕಿಂತ ಮೇಲಾಗಿರಲಿಲ್ಲ. ‘ಮಲೇರಿಯ’ ಎಂಬ ಇಟಾಲಿಯನ್ ಶಬ್ದದ ಅರ್ಥವೇ ‘ಕೆಟ್ಟ ಗಾಳಿ’ ಎಂದು.

ಮೇಲೆ ಹೇಳಿದ ದಾರವು ದೊರೆತದ್ದು ನಮ್ಮ ನೆರೆಯ ಪ್ರಾಂತದಲ್ಲಿಯೇ. ಸೈನ್ಯದ ವೈದ್ಯನಾಗಿದ್ದ ರೊನಾಲ್ಡ್ ರಾಸ್‌ನು 1880ರ ದಶಕದಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ, ತನ್ನ ಬಂಗಲೆಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಸೊಳ್ಳೆಯ ಮರಿಗಳು ಹುಟ್ಟುವುದನ್ನು ಕಂಡು, ನೀರನ್ನು ಚೆಲ್ಲಿಸಿದ ಮಾತ್ರಕ್ಕೆ ಕಾಟವು ಕಡಿಮೆಯಾದದ್ದನ್ನು ಗಮನಿಸಿದ್ದನು. ಮುಂದೆ 1897ನೆಯ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ರೋಗಿಯ ರಕ್ತವನ್ನು ಕುಡಿದ ಸೊಳ್ಳೆಯ ಜಠರದಲ್ಲಿ ಮಲೇರಿಯದ ಸೂಕ್ಷ್ಮಜೀವಿಯನ್ನು ಅವನು ಕಂಡನು. 1898ರಲ್ಲಿ ಕಲಕತ್ತೆಯಲ್ಲಿ ಪಕ್ಷಿಗಳ ಮೇಲೆ ಪ್ರಯೋಗ ಮಾಡಿ, ಆ ಜೀವಿಯು ಸೊಳ್ಳೆಯ ಜೊಲ್ಲಿನ ಮೂಲಕವೇ ಇನ್ನೊಂದು ದೇಹವನ್ನು ಸೇರುವುದೆಂದು ಸಿದ್ಧಪಡಿಸಿದನು. 1902ರಲ್ಲಿ ನೋಬೆಲ್ ಪಾರಿತೋಷಕವು ಅವನಿಗೆ ದೊರೆಯಿತು. ಅಂದಿನಿಂದ ಸೊಳ್ಳೆಯನ್ನು ಓಡಿಸುವುದು ಬರಿಯ ನೆಮ್ಮದಿಯ ಮಾತಾಗಿ ಉಳಿಯದೆ ಪ್ರಾಣರಕ್ಷಣೆಯ ಮಾತಾಯಿತು. ಗಿಡಮೂಲಿಕೆಗಳ ಹಳೆಯ ಹೊಗೆಗೆ ಹೊಸ ಅರ್ಥವು ಬಂದಿತು.

ಇಲ್ಲಿ ವಾಚಕರು ಗಮನಿಸತಕ್ಕ ಸಂಗತಿಯೊಂದುಂಟು. ಈ ಹೊಸ ಯುದ್ಧದಲ್ಲಿ ಮೊದಲು ಹಿಡಿದ ಆಯುಧಗಳಲ್ಲಿ ಒಂದು ಹೂವಾಗಿತ್ತು. ಆಡ್ರಿಯಾಟಿಕ್ ಸಮುದ್ರದ ದಂಡೆಯ ಡಾಲ್ಮೇಶಿಯ ಪ್ರಾಂತದಲ್ಲಿ ಬೆಳೆಯುವ ಪೈರೆಥ್ರಮ್ ಎಂಬುದು ನಮ್ಮ ಸೇವಂತಿಗೆಯ ಕುಲದ ಬಿಳಿಯ ಹೂವು. ಅದನ್ನು ಒಣಗಿಸಿ ಪುಡಿಮಾಡಿ ಕೀಟಗಳ ಮೇಲೆ ಉದುರಿಸುವ ಪದ್ಧತಿಯು ಅಲ್ಲಿತ್ತು. ಜಪಾನಿನ ಉಯೆಯಾಮಾ ಎಂಬ ವ್ಯಾಪಾರಿಯು 1890ರಲ್ಲಿ ಆ ಪುಡಿಯಿಂದ ಊದಿನಕಡ್ಡಿಯನ್ನೂ, 1902ರಲ್ಲಿ ಸುರುಳಿಯನ್ನೂ ಮಾಡಿ ಮಾರಿದನು. ಇಂದು ನಮ್ಮ ಕಿರಾಣಿ ಅಂಗಡಿಗಳಲ್ಲಿ ದೊರೆಯುವ ಸೊಳ್ಳೆಬತ್ತಿಯ ಮೂಲಪುರುಷನು ಅದೇ. 1930ರ ದಶಕದ ಕೊನೆಯಲ್ಲಿ ದಿಲ್ಲಿಯ ಸುತ್ತಣ ಹಳ್ಳಿಗಳಲ್ಲಿಯೂ, ತಂಜಾವೂರು ಜಿಲ್ಲೆಯ ಪಟ್ಟುಕ್ಕೋಟ್ಟೈ ಪ್ರಾಂತದಲ್ಲಿಯೂ ಮನೆಮನೆಯೊಳಗೆ ಈ ಹೂವಿನ ಸತ್ವವನ್ನು ಸಿಂಪಡಿಸಿ, ಮಲೇರಿಯವನ್ನು ತಗ್ಗಿಸಬಹುದೆಂದು ವೈದ್ಯಾಧಿಕಾರಿಗಳು ತೋರಿಸಿಕೊಟ್ಟರು. ಈ ಸತ್ವದ ಕೊರತೆಯೆಂದರೆ ಬಿಸಿಲಿಗೂ ಗಾಳಿಗೂ ಬೇಗ ಗುಣಗುಂದುವುದು, ವಾರವಾರವೂ ಸಿಂಪಡಿಸಬೇಕಾಗುತ್ತಿತ್ತು.

ಅಷ್ಟರಲ್ಲಿ ಡಿ.ಡಿ.ಟಿ. ಬಂದಿತು. 1939ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರನು ಅದರ ಕೀಟನಾಶಕ ಗುಣವನ್ನು ಕಂಡುಹಿಡಿದನು. ಗೋಡೆಗೆ ಒಮ್ಮೆ ಬಳಿದರೆ ತಿಂಗಳುಗಟ್ಟಲೆ ನಿಲ್ಲುವ ಈ ದ್ರವ್ಯವನ್ನು ಯುದ್ಧಾನಂತರ 1946ರ ಸುಮಾರಿಗೆ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಲಾಯಿತು. ನಮ್ಮ ವಿಜಾಪುರ ಜಿಲ್ಲೆಯೂ ಆಗ ಅದೇ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಜಯವನ್ನು ಕಂಡು 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮವೂ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಆರಂಭವಾದವು. ಸ್ವಾತಂತ್ರ್ಯದ ಕಾಲಕ್ಕೆ ದೇಶದಲ್ಲಿ ವರ್ಷಕ್ಕೆ 7.5 ಕೋಟಿ ಜನರು ಮಲೇರಿಯಕ್ಕೆ ಗುರಿಯಾಗಿ 8 ಲಕ್ಷ ಜನರು ಸಾಯುತ್ತಿದ್ದರೆಂದು ಅಂದಾಜು. 1965ರ ಹೊತ್ತಿಗೆ ರೋಗಿಗಳ ಸಂಖ್ಯೆಯು ಸುಮಾರು 1 ಲಕ್ಷಕ್ಕೆ ಇಳಿಯಿತು. ಆದರೆ ಸೊಳ್ಳೆಯು ಸೋತಂತೆ ತೋರಿ ಸೋಲದ ಶತ್ರು. ವಿಷವನ್ನು ಅರಗಿಸಿಕೊಳ್ಳುವ ತಳಿಗಳು ಹುಟ್ಟಿದವು, ನಮ್ಮ ಎಚ್ಚರವೂ ಸಡಲಿತು. 1976ರಲ್ಲಿ ರೋಗಿಗಳು 64 ಲಕ್ಷವನ್ನು ಮೀರಿದರು.

ಆಗ ಮತ್ತೆ ಹೂವಿನ ಕಡೆಗೇ ಲೋಕವು ತಿರುಗಿತು. ಪೈರೆಥ್ರಮ್ ಸತ್ವದ ರಚನೆಯನ್ನು ಅನುಸರಿಸಿ, ಬಿಸಿಲಿಗೆ ಕೆಡದಂತಹ ದ್ರವ್ಯಗಳನ್ನು ಇಂಗ್ಲಂಡಿನ ಮೈಕೆಲ್ ಎಲಿಯಟ್ ಮತ್ತು ಅವನ ಸಂಗಡಿಗರು 1970ರ ದಶಕದಲ್ಲಿ ನಿರ್ಮಿಸಿದರು. ಆರೋಗ್ಯ ಇಲಾಖೆಯವರು ಹಂಚುವ ಔಷಧಲೇಪಿತ ಸೊಳ್ಳೆಪರದೆಗೆ ಹಚ್ಚುವುದು ಈ ವಂಶದ ದ್ರವ್ಯವನ್ನೇ. ‘ಗಿಡದ ಮದ್ದು ಶಾಸ್ತ್ರದ ಮುಂದೆ ನಿಲ್ಲದು’ ಎಂಬ ಎರಡನೆಯ ಪಕ್ಷಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ಇನ್ನು ಬೇವಿನ ಕಡೆಗೆ ಬರುವಾ. 1942ರಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಎಂಬ ವಿಖ್ಯಾತ ರಸಾಯನಶಾಸ್ತ್ರಜ್ಞರು ಬೇವಿನೆಣ್ಣೆಯಿಂದ ‘ನಿಂಬಿನ್’ ಎಂಬ ಸತ್ವವನ್ನು ಬೇರ್ಪಡಿಸಿದರು. ನಮ್ಮ ಸಂಸ್ಕೃತದ ನಿಂಬಶಬ್ದವೇ ಅದರ ಹೆಸರಿನಲ್ಲಿ ಸೇರಿತು. 1959ರಲ್ಲಿ ಸೂಡಾನ್ ದೇಶದಲ್ಲಿ ಮಿಡತೆಯ ದಂಡು ಬಿದ್ದು ಹಸುರೆಲ್ಲ ಬರಿದಾದಾಗ ಬೇವಿನ ಮರಗಳು ಮಾತ್ರ ಉಳಿದುದನ್ನು ಜರ್ಮನಿಯ ಶ್ಮುಟೆರರ್ ಎಂಬ ಪಂಡಿತನು ಕಂಡನು. 1968ರಲ್ಲಿ ಇಂಗ್ಲಂಡಿನಲ್ಲಿ ಬೇವಿನ ಬೀಜದಿಂದ ‘ಅಜಾಡಿರಾಕ್ಟಿನ್’ ಎಂಬ ಮುಖ್ಯ ಸತ್ವವು ದೊರೆಯಿತು. ಅದರ ರಚನೆಯು ಎಷ್ಟು ಜಟಿಲವೆಂದರೆ, ಅದನ್ನು ಪ್ರಯೋಗಶಾಲೆಯಲ್ಲಿ ಮೊದಲಿನಿಂದ ಕಟ್ಟುವುದು ಸಾಧ್ಯವಾದದ್ದು 2007ರಲ್ಲಿ. ಈ ಸತ್ವವು ಕೀಟವನ್ನು ಒಮ್ಮೆಲೆ ಕೊಲ್ಲುವುದಿಲ್ಲ. ಸೊಳ್ಳೆಯ ಮರಿಯು ನೀರಿನಲ್ಲಿ ನಾಲ್ಕು ಸಲ ಪೊರೆ ಕಳಚಿ ಬೆಳೆಯಬೇಕು. ಆ ಪೊರೆ ಕಳಚುವ ಕ್ರಿಯೆಯನ್ನು ನಡೆಸುವ ದೇಹದ ಅಂತಃಸ್ರಾವವನ್ನು ಬೇವಿನ ಸತ್ವವು ಕೆಡಿಸುತ್ತದೆ. ಮರಿಯು ಮರಿಯಾಗಿಯೇ ಉಳಿದು ಸಾಯುತ್ತದೆ. ಇದಲ್ಲದೆ ಬೇವಿನೆಣ್ಣೆಯ ವಾಸನೆಯು ಬೆಳೆದ ಸೊಳ್ಳೆಯನ್ನು ದೂರವಿಡುತ್ತದೆ. ಹಗೇವಿನ ಹುಳಕ್ಕೂ ಕೊಟ್ಟಿಗೆಯ ಸೊಳ್ಳೆಗೂ ಒಂದೇ ಗಿಡವನ್ನು ಉಪಯೋಗಿಸಿದ ನಮ್ಮ ಹಳ್ಳಿಗರ ಅನುಭವಕ್ಕೆ ಹೀಗೆ ಉಪಪತ್ತಿಯು ದೊರೆಯಿತು.

ದಿಲ್ಲಿಯ ಮಲೇರಿಯ ಸಂಶೋಧನ ಕೇಂದ್ರದ ವಿ. ಪಿ. ಶರ್ಮಾ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ಈ ವಿಷಯವನ್ನು ವಿಧಿವತ್ತಾಗಿ ಪರೀಕ್ಷಿಸಿದರು. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ 2ರಷ್ಟು ಬೇವಿನೆಣ್ಣೆಯನ್ನು ಬೆರೆಸಿ ಮೈಗೆ ಸವರಿದರೆ ರಾತ್ರಿಯ ಸೊಳ್ಳೆಗಳಿಂದ ಒಳ್ಳೆಯ ರಕ್ಷಣೆಯುಂಟೆಂದೂ, ಸೀಮೆಎಣ್ಣೆಯ ದೀಪಕ್ಕೆ ನೂರಕ್ಕೆ 1ರಷ್ಟು ಬೇವಿನೆಣ್ಣೆಯನ್ನು ಸೇರಿಸಿದರೂ ಕಾಟವು ತಗ್ಗುವುದೆಂದೂ ಅವರು ಪ್ರಕಟಿಸಿದರು. ಬೇರೆಡೆಯ ಪರೀಕ್ಷೆಗಳಲ್ಲಿ ಫಲವು ಇಷ್ಟೇ ಸಮನಾಗಿ ಬರಲಿಲ್ಲ; ಎಣ್ಣೆಯ ಗುಣವು ಬೀಜ, ಕಾಲ, ಸಂಗ್ರಹಗಳನ್ನು ಅನುಸರಿಸಿ ಬದಲಾಗುವುದು, ಬಿಸಿಲಿಗೆ ಬೇಗ ಕುಂದುವುದು. ಬೇವಿನಂತೆಯೇ ನಮ್ಮ ಇಂಡಿಯ ಸೀಮೆಗೆ ಹೆಸರು ತಂದ ನಿಂಬೆಯ ಸಿಪ್ಪೆಯ ಎಣ್ಣೆಗೂ ಸೊಳ್ಳೆಯ ಮರಿಗಳನ್ನು ಕೊಲ್ಲುವ ಶಕ್ತಿಯು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಆದರೆ ಪ್ರಯೋಗಶಾಲೆಯ ಬಟ್ಟಲಿಗೂ ಊರ ಹಳ್ಳಕ್ಕೂ ಅಂತರವು ಬಹಳ.

ಬರೆದಿಡದ ಜ್ಞಾನಕ್ಕೆ ಒದಗುವ ಅಪಾಯವನ್ನೂ ಬೇವು ನಮಗೆ ಕಲಿಸಿದೆ. 1994ರಲ್ಲಿ ಯುರೋಪಿನ ಪೇಟೆಂಟ್ ಕಚೇರಿಯು ಬೇವಿನೆಣ್ಣೆಯಿಂದ ಬೆಳೆಯ ಬೂಷ್ಟುರೋಗವನ್ನು ತಡೆಯುವ ವಿಧಾನಕ್ಕೆ ಅಮೇರಿಕೆಯ ಒಂದು ಕಂಪನಿಗೂ ಅಲ್ಲಿಯ ಕೃಷಿ ಇಲಾಖೆಗೂ ಹಕ್ಕನ್ನು ಕೊಟ್ಟಿತು. ಇದು ಭಾರತದಲ್ಲಿ ಮೊದಲೇ ಬಳಕೆಯಲ್ಲಿದ್ದ ವಿದ್ಯೆಯೆಂದು ವಂದನಾ ಶಿವ ಮೊದಲಾದವರು ತಕರಾರು ಹೂಡಿದರು. 2000ನೆಯ ಮೇ ತಿಂಗಳಲ್ಲಿ ಹಕ್ಕು ರದ್ದಾಯಿತು. 2005ನೆಯ ಮಾರ್ಚಿಯಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಅಜ್ಜಿಯರ ಆಚಾರವೆಂದು ಹಳಿಯದೆ ಅದನ್ನು ವಿವರವಾಗಿ ಬರೆದಿಡುವುದು ಸಾಹಿತ್ಯಸಂಘಗಳ ಕರ್ತವ್ಯವೂ ಆಗಿದೆಯೆಂದು ಇದರಿಂದ ತಿಳಿಯಬೇಕು.

ಇದಿರಲಿ. ನಮ್ಮ ನಾಲ್ಕು ತಾಲೂಕುಗಳ ಇಂದಿನ ಪ್ರಶ್ನೆಗೆ ಉತ್ತರವು ಗಿಡದಲ್ಲಿ ಅಷ್ಟಾಗಿ ಇಲ್ಲ, ನೀರಿನಲ್ಲಿ ಇದೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿದರೂ ಇದು ಮಳೆಯನ್ನೇ ನಂಬಿದ ಎರೆಯ ಸೀಮೆ. ಡೋಣಿಯ ಸಾಲಿನ ಜೋಳವು ಕೈಕೊಟ್ಟರೆ ಊರೇ ಗುಳೆ ಹೋಗುತ್ತಿತ್ತು. 1964ನೆಯ ಮೇ 22ರಂದು ಆಗಿನ ಬಾಗೇವಾಡಿ ತಾಲೂಕಿಗೆ ಸೇರಿದ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲನ್ನಿಟ್ಟರು. 1982ರ ಹೊತ್ತಿಗೆ ನಾರಾಯಣಪುರದ ಅಣೆಕಟ್ಟು ಮುಗಿಯಿತು. ಅದರ ಎಡದಂಡೆಯ ಕಾಲುವೆಯಿಂದ ಒಡೆದ ಇಂಡಿ ಶಾಖೆಯು ಸಿಂದಗಿ, ಇಂಡಿಗಳ ಕಡೆಗೆ ನೀರನ್ನು ತಂದಿತು. ಬಾಯಾರಿದ ನಾಡಿಗೆ ಇದು ಗಂಗಾವತರಣವೇ. ಆದರೆ ಭಗೀರಥನು ಗಂಗೆಯನ್ನು ತಂದ ಮೇಲೆ ಅವಳನ್ನು ತಡೆದು ನಿಲ್ಲಿಸಲು ಶಿವನ ಜಟೆಯೂ ಬೇಕಾಯಿತಲ್ಲವೆ? ಮಂಡ್ಯದ ಸೀಮೆಯಲ್ಲಿ ಇರ್ವಿನ್ ಕಾಲುವೆಯ ನೀರು ಹರಿದೊಡನೆ 1930ರ ದಶಕದಲ್ಲಿ ಮಲೇರಿಯವೂ ಬೆನ್ನುಹತ್ತಿ ಬಂದ ಇತಿಹಾಸವನ್ನು ನಾವು ಮರೆಯಲಾಗದು. ಕಾಲುವೆಯ ಬಸಿನೀರು, ಗದ್ದೆಯ ಮಡು, ಕಳೆ ಬೆಳೆದ ಹೊರಗಾಲುವೆ ಇವೇ ಅನಾಫಿಲಿಸ್ ಸೊಳ್ಳೆಗೆ ತೊಟ್ಟಿಲುಗಳು.

ಇಂಥ ನೀರಿನಲ್ಲಿ ಬೇವಿನಿಂದ ಏನಾಗಬಹುದು? ಮಧುರೆಯ ಸಂಶೋಧಕರು 1990ರ ದಶಕದ ಆರಂಭದಲ್ಲಿ ಭತ್ತದ ಗದ್ದೆಗಳಿಗೆ ಬೇವಿನ ಹಿಂಡಿಯನ್ನು ಹಾಕಿ ಮಿದುಳುಜ್ವರದ ಸೊಳ್ಳೆಗಳ ಮರಿಗಳನ್ನು ಎಣಿಸಿದರು. ಹಿಂಡಿಯಿಂದ ಮರಿಗಳು ತಗ್ಗಿದವು. ಅದರೊಡನೆ ಗದ್ದೆಗೆ ನೀರು ಬಿಟ್ಟು, ಒಣಗಿಸಿ, ಮತ್ತೆ ಬಿಡುವ ಕ್ರಮವನ್ನೂ ಸೇರಿಸಿದಾಗ ಫಲವು ಇನ್ನೂ ಉತ್ತಮವಾಯಿತು. ಈ ಒಂದು ಪ್ರಯೋಗದಲ್ಲಿ ಇಡೀ ಪ್ರಶ್ನೆಯ ಸಿದ್ಧಾಂತವು ಅಡಗಿದೆಯೆಂದು ನನ್ನ ಅಭಿಪ್ರಾಯವು: ಬೇವು ಸಹಕಾರಿ ಕಾರಣ, ನೀರಿನ ಶಿಸ್ತು ಪ್ರಧಾನ ಕಾರಣ.

ಮತ್ತೊಂದು ಸೂಕ್ಷ್ಮವುಂಟು. ಹಳೆಯ ಸಂಜೆಯ ಹೊಗೆಯು ರಾತ್ರಿ ಕಚ್ಚುವ ಸೊಳ್ಳೆಗೆ ಸರಿಯಾದ ಉಪಾಯವಾಗಿತ್ತು. ಮಲೇರಿಯದ ಅನಾಫಿಲಿಸ್, ಆನೆಕಾಲನ್ನು ತರುವ ಗಟಾರದ ಕ್ಯುಲೆಕ್ಸ್ ಎರಡೂ ರಾತ್ರಿಂಚರಗಳು. ಆನೆಕಾಲು ರೋಗದ ಪಟ್ಟಿಯಲ್ಲಿ ನಮ್ಮ ಜಿಲ್ಲೆಯೂ ಸೇರಿತ್ತು. ಆದರೆ ಡೆಂಗಿ, ಚಿಕುನ್‌ಗುನ್ಯಗಳನ್ನು ತರುವ ಈಡಿಸ್ ಎಂಬ ಪಟ್ಟೆಕಾಲಿನ ಸೊಳ್ಳೆಯು ಹಗಲಿನಲ್ಲಿ ಕಚ್ಚುವುದು. ಅದು ಹಳ್ಳದಲ್ಲಿ ಹುಟ್ಟದೆ ನಮ್ಮ ಹರವಿ, ಹಂಡೆ, ಬ್ಯಾರಲ್ಲು, ದನಗಳ ಬಾನಿ, ಮಾಳಿಗೆಯ ಮೇಲಿನ ಟಾಕಿಗಳಲ್ಲಿಯೇ ಹುಟ್ಟುವುದು. ನಳದ ನೀರು ದಿನ ಬಿಟ್ಟು ದಿನ ಬರುವ ಊರಿನಲ್ಲಿ ನೀರನ್ನು ತುಂಬಿಡದೆ ಗತಿಯಿಲ್ಲ. ಬರಗಾಲವು ಕಲಿಸಿದ ಈ ಜಾಣತನವೇ ಈಗ ಸೊಳ್ಳೆಗೆ ಆಶ್ರಯವಾಗಿದೆ. 2006ರಲ್ಲಿ ಚಿಕುನ್‌ಗುನ್ಯವು ಹಬ್ಬಿದಾಗ ಕರ್ನಾಟಕದಲ್ಲಿ 7.5 ಲಕ್ಷಕ್ಕೂ ಹೆಚ್ಚು ಶಂಕಿತ ರೋಗಿಗಳಿದ್ದರು. ಪೀಡಿತ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಬಡಿಗೆ ಹಿಡಿದು ನಡೆಯುವ ಯುವಕರನ್ನು ಆ ವರ್ಷ ಊರೂರಿನಲ್ಲಿ ಕಂಡೆವು. ಸಂಜೆ ದೀಪದ ಹೊತ್ತಿನ ಹೊಗೆಯು ಮಧ್ಯಾಹ್ನ ಕಚ್ಚುವ ಸೊಳ್ಳೆಯನ್ನು ಹೇಗೆ ತಡೆದೀತು? 2024ರ ಆಗಸ್ಟ್ ಕೊನೆಗೆ ರಾಜ್ಯ ಸರಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟುವ ನೀರನ್ನು ಇಟ್ಟುಕೊಂಡವರಿಗೆ ದಂಡವನ್ನೂ ವಿಧಿಸಿತು. ದಂಡಕ್ಕೆ ಹೆದರಿ ಮಾಡುವುದಕ್ಕಿಂತ ಕಾರಣವನ್ನು ತಿಳಿದು ಮಾಡುವುದು ಮೇಲು.

ಆದಕಾರಣ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯು ಇಷ್ಟು. ಮೊಟ್ಟೆಯು ಸೊಳ್ಳೆಯಾಗಲು ಏಳೆಂಟು ದಿನಗಳಾದರೂ ಬೇಕು. ವಾರಕ್ಕೊಂದು ದಿನ ನೀರಿನ ಪಾತ್ರೆಗಳನ್ನೆಲ್ಲ ಬರಿದು ಮಾಡಿ, ತಿಕ್ಕಿ, ಒಣಗಿಸಿ, ಬಟ್ಟೆ ಕಟ್ಟಿ ಮುಚ್ಚಿದರೆ ಆ ಸಂತತಿಯೇ ನಿಲ್ಲುವುದು. ನಮ್ಮ ಸೀಮೆಯಲ್ಲಿ ಸೋಮವಾರ ಎತ್ತುಗಳಿಗೆ ನೊಗ ಹೂಡದೆ ಬಿಡುವ ರೂಢಿಯುಂಟು. ಅಂದೇ ಹರವಿ ಬಾನಿಗಳಿಗೂ ಬಿಡುವು ಕೊಡಬಹುದು. ಕುಡಿಯುವ ನೀರಿಗೆ ಯಾವ ಎಣ್ಣೆಯನ್ನೂ ಹಾಕತಕ್ಕದ್ದಲ್ಲ. ಬೇವಿನೆಣ್ಣೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ದೊಡ್ಡವರು ಕೈಕಾಲಿಗೆ ಸವರಬಹುದು; ಆದರೆ ಎಳೆಯ ಕೂಸಿಗೆ ಅದನ್ನು ಎಂದಿಗೂ ಕುಡಿಸಬಾರದು, ಅದರಿಂದ ಪ್ರಾಣಾಪಾಯವಾದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಹೊಗೆಯು ಕೊಟ್ಟಿಗೆಗೆ ಒಳ್ಳೆಯದು. ಬಾಗಿಲು ಮುಚ್ಚಿದ ಬಾಣಂತಿಯ ಕೋಣೆಯಲ್ಲಿ ಅದು ಕೂಸಿನ ಎಳೆಯ ಶ್ವಾಸಕ್ಕೆ ಕೇಡು. ಅಲ್ಲಿ ಹಗಲೂ ರಾತ್ರಿಯೂ ಸೊಳ್ಳೆಪರದೆಯೇ ಇರಲಿ. ಜ್ವರ ಬಂದವರು ಬೇವನ್ನು ನಂಬಿ ಕೂಡದೆ ರಕ್ತಪರೀಕ್ಷೆಯನ್ನು ಮಾಡಿಸಬೇಕು.

ಬೇವು ನಮ್ಮ ಹಿರಿಯರು ಬಿಟ್ಟುಹೋದ ಸೊತ್ತು. ಆ ಸೊತ್ತಿನ ಬೆಲೆಯನ್ನು ಹೆಚ್ಚಿಸಿ ಹೇಳುವವನೂ ಇಳಿಸಿ ಹೇಳುವವನೂ ಅದರ ಲೆಕ್ಕವನ್ನು ಅರಿತವರಲ್ಲ. ಅವರು ಕಂಡದ್ದು ಗಿಡದ ಗುಣ. ಅವರಿಗೆ ಕಾಣದೆ ಉಳಿದದ್ದು ಸೊಳ್ಳೆಗೂ ಜ್ವರಕ್ಕೂ ಇರುವ ನಂಟು. ಎರಡನ್ನೂ ತಿಳಿದಿರುವ ನಾವು ಅಗಸೆಯ ಬೇವನ್ನು ಕಡಿಯದೆ ಕಾಯಬೇಕು, ಅಂಗಳದ ನಿಂತ ನೀರನ್ನು ಮಾತ್ರ ಒಂದು ವಾರವೂ ಉಳಿಸಬಾರದು.